ಕಾಶಿಬಾಯಿಯ ಬೆರಳುಗಳಿಗೆ ತಮ್ಮ ಅನುಮತಿ ಬೇಕಿರಲಿಲ್ಲ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಕ್ರೈಸ್ತ ಸಭೆಗಳ ಮೇಲ್ವಿಚಾರಕರಿಗೆ,

ಮಾನ್ಯರೇ, ಊರಿನ ಸಭೆಗಳು ಸೇವೆಗೆ ಮುಂದೆ ಬರುವುದಿಲ್ಲವೆಂದು ಕಳೆದ ತಿಂಗಳ ಮಿಷನ್ ಸಮ್ಮೇಳನದಲ್ಲಿ ತಾವು ಗದ್ಗದಿತರಾದಿರಿ. ಮುಂದೆ ಬಂದವರನ್ನು ಹಿಂದಕ್ಕೆ ಕೂರಿಸಿದವರು ಯಾರೆಂದು ಮಾತ್ರ ಹೇಳಲಿಲ್ಲ. ಆ ಕೆಲಸ ನನಗೆ ಬಿಟ್ಟಿದ್ದೀರೆಂದು ತಿಳಿದು ಬರೆಯುತ್ತಿದ್ದೇನೆ.

ನಾನು ಅಫಜಲಪುರದ ಸಭೆಯವಳು. ಮೂವತ್ತೊಂದು ವರ್ಷ ದಾದಿಯಾಗಿದ್ದು ನಿವೃತ್ತಳಾದೆ. ಕಳೆದ ವರ್ಷ ಮಣ್ಣೂರಿನ ಕಾಶಿಬಾಯಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಮಗಳು ಭಾಗ್ಯಾ ಕೂಲಿಗೆ ಹೋದರೆ ಒಂದು ತಂಬಿಗೆ ನೀರು ಕೊಡುವವರಿಲ್ಲ. ಸುದ್ದಿ ತಿಳಿದು ನಾನು ಮತ್ತು ನಮ್ಮ ಸಭೆಯ ನರ್ಮದಾ ವಾರಕ್ಕೆರಡು ಸಲ ಬಸ್ಸು ಹಿಡಿದು ಹೋಗತೊಡಗಿದೆವು. ಮೈ ತೊಳೆದು, ಬೆನ್ನಿನ ಹುಣ್ಣಿಗೆ ಔಷಧ ಹಚ್ಚಿ, ಮಡಚಿಕೊಂಡಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದೆವು.

ಮೂರನೆಯ ವಾರ ಪಕ್ಕದ ಮನೆಯ ಬಸವಂತರಾಯರು ಬಾಗಿಲಿಗೆ ಅಡ್ಡ ನಿಂತರು.

"ಬಾಯಾರ, ಇಲ್ಲಿ ಏನ್ ಕಲಿಸಾಕತ್ತೀರಿ? ನಮಗ ನಮ್ಮ ದೇವ್ರು ಸಾಕ್ರಿ."

"ಚಮಚ ಹಿಡಿಯೋದು ಕಲಿಸಾಕತ್ತೇನ್ರಿ ಅಣ್ಣಾರ. ನೀವೂ ಕುಂತು ನೋಡ್ರಿ."

ಅವರು ನಿಜವಾಗಿಯೂ ಕುಳಿತರು. ಮರುವಾರ ಕಾಶಿಬಾಯಿ ಹಿಡಿದು ಏಳಲೆಂದು ಗೋಡೆಗೆ ಕಟ್ಟಿಗೆ ಬಡಿದುಕೊಟ್ಟವರೂ ಅವರೇ. ಮೂರು ತಿಂಗಳಿಗೆ ಕಾಶಿಬಾಯಿ ತನ್ನ ಕೈಯಿಂದಲೇ ಜೋಳದ ನುಚ್ಚು ತಿಂದಳು. ಅರ್ಧ ಸೆರಗಿಗೆ ಚೆಲ್ಲಿತು. ಮಗಳು ಒರೆಸಹೋದರೆ, "ಬಿಡಬೇ, ನಾ ಚೆಲ್ಲಿದ್ದು ನಾನೇ ಒರಸ್ತೇನಿ" ಎಂದು ಗದರಿದಳು. ನರ್ಮದಾ ಹೊರಗೆ ಹೋಗಿ ಅತ್ತುಬಂದಳು.

ಆಗ ಬಂತು ತಮ್ಮ ಸುತ್ತೋಲೆ. ಮಿಷನ್ ಕಾರ್ಯವೇನಿದ್ದರೂ ತಮ್ಮ ಸಮಿತಿಯ ಜವಾಬ್ದಾರಿಯಂತೆ. ಸ್ಥಳೀಯ ಸಭೆಗಳು ಲಿಖಿತ ಅನುಮತಿಯಿಲ್ಲದೆ ಎಲ್ಲಿಗೂ ಹೋಗಕೂಡದಂತೆ. ನಮ್ಮ ಪಾಸ್ಟರು ಹೆದರಿದರು. ನಾನು ಅರ್ಜಿ ಹಾಕಿದೆ. ತಾವು ನಮೂನೆ ಕಳಿಸಿದಿರಿ: ಎಷ್ಟು ಪ್ರಾರ್ಥನಾಕೂಟ, ಎಷ್ಟು ಹಾಜರಾತಿ, ಎಷ್ಟು ಹೊಸ ಸದಸ್ಯರು? ಬಿಡಿಸಿದ ಬೆರಳುಗಳಿಗೆ ಯಾವ ಕಾಲಂ, ಮಾನ್ಯರೇ? ಎಲ್ಲದಕ್ಕೂ ಸೊನ್ನೆ ಬರೆದೆ. 'ಫಲಿತಾಂಶ ಸಮರ್ಪಕವಾಗಿಲ್ಲ' ಎಂಬ ಷರಾದೊಂದಿಗೆ ಅರ್ಜಿ ಹಿಂತಿರುಗಿತು. ಕುಷ್ಠರೋಗಿಯನ್ನು ಮುಟ್ಟುವ ಮುನ್ನ ಕರ್ತನು ಯಾರ ರುಜು ಕೇಳಿದ್ದ?

ಆದರೂ ಮತ್ತೆ ಅರ್ಜಿ ಹಾಕಿ, ಮಣ್ಣೂರಿಗೆ ಹೋಗದೆ ಹತ್ತು ವಾರ ಕಾದೆ. ಅದು ವಿಧೇಯತೆ ಎಂದುಕೊಂಡಿದ್ದೆ; ಹೇಡಿತನವಾಗಿತ್ತು. ತಡೆಯಲಾರದೆ ಹೋದಾಗ ಬೆರಳುಗಳು ಮತ್ತೆ ಮುಷ್ಟಿಯಾಗಿದ್ದವು, ಬೆನ್ನಿನ ಹುಣ್ಣು ಬಾಯಿ ಬಿಟ್ಟಿತ್ತು. ಭಾಗ್ಯಾ ತನಗೆ ತಿಳಿದಷ್ಟು ಮಾಡಿದ್ದಳು, ಪಾಪ. ಕಾಶಿಬಾಯಿ ಗೋಡೆಯ ಕಡೆ ಮುಖ ಮಾಡಿಯೇ ಕೇಳಿದಳು: "ನಾ ಏನ್ ತಪ್ಪ ಮಾಡಿದ್ದೆನ್ರಿ, ಬಾಯಾರ?"

ನಾನು ನೀರು ಕಾಯಿಸಲು ಒಲೆಯ ಮುಂದೆ ಕುಳಿತೆ. ಉತ್ತರ ತಮಗೇನಾದರೂ ಹೊಳೆದರೆ ತಿಳಿಸಿ.

ಆಳಂದದ ಸಭೆಯವರು ಕಿಣ್ಣಿ ಸುಲ್ತಾನಕ್ಕೆ, ಜೇವರ್ಗಿಯವರು ನೆಲೋಗಿಗೆ ಹೋಗಲು ಸಿದ್ಧರಾಗಿ, ತಾವು ಕೊಡಬೇಕಾದ ಅನುಮತಿಯ ಕಾಗದಕ್ಕಾಗಿ ಕಾದು ಕೂತಿದ್ದಾರೆ. ಸುತ್ತೋಲೆ ಹಿಂಪಡೆಯಿರಿ. ಬರುವ ಭಾನುವಾರ ಮೂರೂ ತಾಲ್ಲೂಕಿನ ಸಭೆಗಳಲ್ಲಿ 'ಹೋಗಿ' ಎಂಬ ಒಂದೇ ಮಾತು ಓದಿಸಿ. ಓದಿಸದಿದ್ದರೂ ನಾವು ಹೋಗುತ್ತೇವೆ. ಈಗ ಏಳು ಜನರಿದ್ದೇವೆ. ಶಿಸ್ತುಕ್ರಮದ ನೋಟಿಸು ಕಳಿಸುವುದಾದರೆ ಶುಕ್ರವಾರ ಮಣ್ಣೂರಿಗೇ ಕಳಿಸಿ, ಅಂದು ನಾನು ಮನೆಯಲ್ಲಿರುವುದಿಲ್ಲ.

ಇಂತಿ,
ಹತ್ತು ವಾರ ತಮ್ಮ ಮಾತು ಕೇಳಿ ಕೆಟ್ಟವಳು,
ಅಂಬುಬಾಯಿ, ನಿವೃತ್ತ ದಾದಿ
ಅಫಜಲಪುರ