ಕ್ಲಾಸೆಟ್ಟಿನಲ್ಲಿ ಆದಿತಾಳ

ಮಾರ್ಚ್ 9, ಭಾನುವಾರ, ಮಧ್ಯಾಹ್ನ 3

ಅಮೆರಿಕದ ಬೇಸಿಗೆ ಲೆಕ್ಕಕ್ಕೆ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಿಟ್ಟಾಯಿತು. ಮೈಕ್ರೋವೇವಿನದು ಬಾಕಿ. ಇವರಿಗೆ ಬಿಟ್ಟಿದ್ದೇನೆ.

ಧೃತಿ ನನ್ನ ಸೀರೆಗಳಿರುವ ಪುಟ್ಟ ಕೋಣೆಯಲ್ಲಿ, ಕ್ಲಾಸೆಟ್ಟಿನೊಳಗೆ, ಮೈಕ್ ಕಟ್ಟಿದ್ದಾಳೆ. ಅಷ್ಟು ಸೀರೆಗಳ ನಡುವೆ ದನಿ ಮಾರ್ದನಿಸುವುದಿಲ್ಲವಂತೆ. ಅವಳ ಜೊತೆ ಹಾಡು ಕಟ್ಟುವ ಡೇನಿಯಲ್ ಮಾಡಿದ ಸ್ಪ್ಯಾನಿಷ್ ಹಾಡು, ನನ್ನ ಮಗಳ ದನಿ. ಹಿಂದಿನ ಮೂರು ಹಾಡನ್ನು ಯಾರೂ ಕೇಳಲಿಲ್ಲ.

"ಇದೂ ಮಲಗಿದ್ರೆ ಐ ಆಮ್ ಡನ್, ಅಮ್ಮಾ. ಮೈಕ್ ಮಾರಿ ಆಫೀಸ್ ಕೆಲ್ಸ ಹಿಡೀತೀನಿ."

ಹದಿನಾಲ್ಕನೇ ವಯಸ್ಸಿಗೆ ನನ್ನ ಸಂಗೀತ ಪಾಠ ಬಿಟ್ಟಳು, ನನ್ನ ಬೈಗುಳ ತಾಳಲಾರದೆ. ಉಳಿದದ್ದೂ ಹೋದರೆ...

ಸಾಹಿತ್ಯವಿರುವ ಫೋನ್ ಹಿಡಿದು ಪಕ್ಕದಲ್ಲಿ ಕೂರುವ ಕೆಲಸ ನನಗೆ. ಕರೆಯುತ್ತಿದ್ದಾಳೆ.

ಸಂಜೆ 6

ಮಾಡಬಾರದ್ದು ಮಾಡಿದೆ. ಎಡಗೈಯಲ್ಲಿ ಫೋನು. ಬಲಗೈ ತೊಡೆ ಮೇಲೆ ಆದಿತಾಳ ಹಾಕಿಬಿಟ್ಟಿದೆ. ಪೆಟ್ಟು, ಮೂರು ಬೆರಳು, ಪೆಟ್ಟು, ಬೀಸು, ಪೆಟ್ಟು, ಬೀಸು. ಎಂಟೆಣಿಕೆಯ ಒಂದು, ಐದು, ಏಳಕ್ಕೆ ಫಟ್ ಫಟ್ ಅಂತ ರೆಕಾರ್ಡಿಂಗಿನುದ್ದಕ್ಕೂ ಕೂತಿದೆ. ಅದೊಂದೇ ಒಳ್ಳೆಯ ಟೇಕ್. ಅವಳ ಗಂಟಲು ಕಟ್ಟಿದೆ. ಇವತ್ತೇ ಡೇನಿಯಲ್‌ಗೆ ಕಳಿಸಬೇಕು.

"ಅಮ್ಮಾ, ಯೂ ರೂಯಿನ್ಡ್ ಇಟ್!"

ಹಾಗೇ ಕಳಿಸಿ ಬಾಗಿಲು ಹಾಕಿಕೊಂಡಳು. ಇವರು ಬೇರೆ: "ನಿನ್ ಕೈ ಮದುವೆ ಬ್ಯಾಂಡಿಗೂ ತಾಳ ಹಾಕತ್ತೆ ಕಣೇ, ಹೊಸದೇನಲ್ಲ." ಈ ಹಾಳು ಕೈ!

ಮಾರ್ಚ್ 10

ಡೇನಿಯಲ್ ಫೋನು. ನನಗೇ!

"ಆಂಟಿ, ಹೂ ಈಸ್ ದ ಡ್ರಮ್ಮರ್?"

ಸಾರಿ ಸಾರಿ ಅಂದೆ. ಡ್ರಮ್ಸ್ ಎಲ್ಲ ತೆಗೆದುಬಿಟ್ಟನಂತೆ, ನನ್ನ ತೊಡೆಯೊಂದೇ ಸಾಕಂತೆ. ಧೃತಿ ನಗಲಿಲ್ಲ. "ಲೆಟ್ಸ್ ಸೀ" ಅಂದಳು.

ಮೇ 24

ನಮ್ಮ ಹಾಡು 'ಎಸ್ಕಲೆರಾ ಅಸುಲ್' — ನೀಲಿ ಮೆಟ್ಟಿಲು ಅಂತ ಅರ್ಥ — ಲ್ಯಾಟಿನ್ ಹಾಡುಗಳ ಚಾರ್ಟಿನಲ್ಲಿ ನಲವತ್ತೊಂದನೆಯದು! ನಲವತ್ತೊಂದಕ್ಕೆಲ್ಲ ಇಷ್ಟು ಕುಣಿತವೇ ಎಂದೆ. ನಾನೂ ಕುಣಿದೆ. ಮಂಡಿ ನೋವು.

ಜೂನ್ 14

ಇಪ್ಪತ್ತಮೂರು.

ಇಂಡಿಯನ್ ಸ್ಟೋರಿನಲ್ಲಿ ಮಾಲೀಕ ಸತ್ತಾರ್ ಅವರ ಮಗಳು ಯುಸ್ರಾ ಬಿಲ್ ಮಾಡುತ್ತ ಕೌಂಟರ್ ಬಡಿಯುತ್ತಿದ್ದಳು. ನಮ್ಮ ಹಾಡು!

"ಈ ಸಾಂಗ್ ಕೇಳಿದೀರಾ ಆಂಟಿ? ಎಲ್ರೂ ಹಿಂಗೇ ಹೊಡೀತಾರೆ."

ಐದರ ಪೆಟ್ಟನ್ನು ನಾಲ್ಕಕ್ಕೇ ಹೊಡೆದಳು. ಬಿಡಲಾಗಲಿಲ್ಲ. "ಮಧ್ಯೆ ಬೆರಳು ಎಣಿಸಮ್ಮ" ಎಂದು ಹೇಳಿಕೊಟ್ಟೆ. ಹಿಂದೆ ಆರು ಜನ ಮೆಂತ್ಯ ಸೊಪ್ಪು ಹಿಡಿದು ಕಾಯುತ್ತಿದ್ದರು. ಕಾಯಲಿ.

ಜುಲೈ 12

ಒಂಬತ್ತು! ಟಾಪ್ ಟೆನ್!

ಧೃತಿ ಒದ್ದೆ ತಲೆಯಲ್ಲೇ ಓಡಿಬಂದು ತಬ್ಬಿದಳು. ಆಫೀಸಿನ ಮಾತು ಹೋಯಿತು. ಆಮೇಲೆ ಹಾಡಿನ ಕ್ರೆಡಿಟ್ಸ್ ತೋರಿಸಿದಳು. ಪಾಲ್ಮಾಸ್: ಅನಸೂಯ. ಪಾಲ್ಮಾಸ್ ಅಂದರೆ ಚಪ್ಪಾಳೆಯಂತೆ, ಅನಸೂಯ ನಾನೇ. ಮೊದಲ ದಿನದಿಂದಲೂ ಇತ್ತಂತೆ, ಇವಳೇ ಹಾಕಿಸಿದ್ದಂತೆ. ಹೇಳಿರಲಿಲ್ಲ ಕಳ್ಳಿ. ನಲವತ್ತು ವರ್ಷ ಪಾಠ ಹೇಳಿದರೂ ಎಲ್ಲೂ ಬಾರದ ಹೆಸರು ತೊಡೆ ಬಡಿದದ್ದಕ್ಕೆ ಬಂತು. ಅತ್ತುಬಿಟ್ಟೆ.

ಜುಲೈ 26, ಸಂಜೆ 4

ಜೆರ್ಸಿ ಸಿಟಿಯ ಪಾರ್ಕಿನಲ್ಲಿ ಶೋ. ನಾನೂ ಸ್ಟೇಜಿನ ಮೇಲೆ! ತೊಡೆಯ ಹತ್ತಿರ ಒಂದು ಮೈಕಂತೆ. ಹಸಿರು ಮೈಸೂರು ಸಿಲ್ಕ್ ಉಟ್ಟಿದ್ದೇನೆ. ನೆರಿಗೆ ಹಿಡಿದವಳು ಧೃತಿ. ನೆಲದಲ್ಲಿ ಕೂತುಕೊಂಡೇ ಹೇಳಿದಳು:

"ನಾನ್ ತಾಳ ತಪ್ಪಿದ್ರೆ ಸ್ಟೇಜ್ ಮೇಲೆ ಗುರಾಯಿಸ್ಬೇಡ, ಓಕೆ?"

"ಇಲ್ಲ ಕಣೇ."

"ಅಮ್ಮಾ... ಆವತ್ತು ನಿನ್ ಪಾಠದಲ್ಲಿ ಅರ್ಧಕ್ಕೆ ಬಿಟ್ನಲ್ಲ ಆ ವರ್ಣ. ಸೆಪ್ಟೆಂಬರಿಂದ ಮುಂದುವರಿಸೋಣ್ವಾ?"

ಹೂಂ ಎಂದು ಅವಳ ತಲೆ ಸವರಿದೆ.

ಕೆಳಗೆ ಕಾರಿನಲ್ಲಿ ಇವರು ಹಾರ್ನ್ ಹೊಡೆಯುತ್ತಿದ್ದಾರೆ. ನಮ್ಮ ಹಾಡಿನ ತಾಳದಲ್ಲೇ, ಪಾಪ. ಒಂದು... ಐದು... ಏಳು ತಪ್ಪಿತು. ಇಳಿದುಹೋಗಿ ಮೊದಲು ಇವರಿಗೆ ಎಣಿಸುವುದನ್ನು ಹೇಳಿಕೊಡಬೇಕು.