ನುಚ್ಚಕ್ಕಿಗೆ ನೀರು

ಮಾರ್ಚ್ ೨೬, ಗುರುವಾರ

ಬೆಳಗ್ಗೆಯಿಂದ ಅತ್ತೆಯ ಕಣ್ಣು ತಪ್ಪಿಸಿಕೊಂಡೇ ಓಡಾಡುತ್ತಿದ್ದೆ. ತಿಂಗಳ ಕೊನೆವರೆಗೂ ತೂಗಿಸಬೇಕಲ್ಲ ಅಂತ ಮಾಮೂಲಿ ಅಕ್ಕಿ ಬಿಟ್ಟು ಅರ್ಧ ಬೆಲೆಯ ನುಚ್ಚಕ್ಕಿ ತಂದಿದ್ದೆ. ಅತ್ತೆಗೆ ತಿಳಿಯದಿರಲೆಂದು ಅದನ್ನು ಹಳೇ ಡಬ್ಬಕ್ಕೇ ಸುರಿದಿದ್ದೆ.

ರಾತ್ರಿ ಊಟಕ್ಕೆ ಮಕ್ಕಳು ಎರಡೆರಡು ಸಲ ಬಡಿಸಿಕೊಂಡರು. ಇವರು ಎಂದಿನಂತೆ ತಟ್ಟೆ ನೋಡದೆಯೇ ಉಂಡೆದ್ದರು. ಅತ್ತೆ ಮಾತ್ರ ಬೆರಳಲ್ಲಿ ಅಗುಳು ಹಿಸುಕಿ ನೋಡಿದರು. ನಾನು ತಟ್ಟೆಯಲ್ಲಿದ್ದದ್ದನ್ನು ಹಾಗೇ ಬಿಟ್ಟು ಎದ್ದೆ.

ಆಮೇಲೆ ತಟ್ಟೆ ತೊಳೆಯುವಾಗ ಅತ್ತೆ ಪಕ್ಕಕ್ಕೆ ಬಂದು ನಿಂತರು. "ನುಚ್ಚಿಗೆ ಇಷ್ಟು ನೀರು ಬೇಡ ಕಣೇ, ಒಂದು ಲೋಟ ಕಮ್ಮಿ ಹಾಕು. ನಿನ್ನ ಗಂಡನ್ನ ಬೆಳೆಸಿದ್ದೇ ಅದರಲ್ಲಿ. ಅವನಿಗೆ ಇವತ್ತಿಗೂ ಗೊತ್ತಿಲ್ಲ," ಅಂದರು.

ಇಬ್ಬರೂ ಸದ್ದಾಗದ ಹಾಗೆ ನಕ್ಕೆವು.

ಈಗ ನೋಡಿದರೆ ಹೊಟ್ಟೆ ಚುರುಗುಟ್ಟುತ್ತಿದೆ. ಪಾತ್ರೆಯ ತಳದಲ್ಲಿ ಒಂದಿಷ್ಟು ಉಳಿದಿರಬೇಕು, ಎದ್ದು ಹೋಗಿ...