ಖಾಲಿ ಗೂಡಿನ ಇಲಿಗಳು

ದೇರೆಬೈಲ್, ಮಂಗಳೂರು
14 ಆಗಸ್ಟ್ 1985

ಪ್ರೀತಿಯ ಮುಮ್ತಾಝ್,

ಕುಶಲ ವಿಚಾರಿಸಿ ಆಮೇಲೆ ವಿಷಯಕ್ಕೆ ಬರುವಷ್ಟು ತಾಳ್ಮೆ ಇವತ್ತು ನನಗಿಲ್ಲ. ಬೈಯುವುದಿದ್ದರೆ ಪೂರ್ತಿ ಓದಿ ಬೈದುಬಿಡು.

ನಮ್ಮ ಲ್ಯಾಬಿನಲ್ಲಿ ಇಲಿಗಳನ್ನು ನೋಡಿಕೊಳ್ಳುತ್ತಿದ್ದ ಮಮ್ಮು ಬ್ಯಾರಿಯ ನೆನಪಿರಬೇಕು. ಹೋದ ಭಾನುವಾರ ಅವರ ಮನೆಗೆ ಹೋಗಿದ್ದೆ. ಚಹಾ ಕೊಟ್ಟು, ಒಂದು ಮಾತು ಹೇಳ್ಲಿಕ್ಕುಂಟು ಮೇಡಂ, ಕೋಪ ಮಾಡಬಾರದು ಅಂದರು. ನಾವಿಬ್ಬರೂ ಸಂಜೆ ಮನೆಗೆ ಹೋದ ಮೇಲೆ ಅವರು ಆಟಿಕೆಯಿಲ್ಲದ ಖಾಲಿ ಗೂಡಿನ ಮರಿಗಳಿಗೂ ತೆಂಗಿನ ಗೆರಟೆ, ಹಗ್ಗದ ತುಂಡು ಹಾಕುತ್ತಿದ್ದರಂತೆ. ಬೆಳಿಗ್ಗೆ ನಾವು ಬರುವ ಮೊದಲು ತೆಗೆದಿಡುತ್ತಿದ್ದರಂತೆ. ಒಂದೇ ತಾಯಿಯ ಮಕ್ಕಳು, ಒಂದಕ್ಕೆ ಆಟಿಕೆ, ಒಂದಕ್ಕೆ ಬರೀ ಗೋಡೆ, ಇದು ಎಂತ ನ್ಯಾಯ ಮೇಡಂ ಅಂತ ನನ್ನನ್ನೇ ಕೇಳಿದರು. ಮೂರು ವರ್ಷ, ಒಂದು ದಿನವೂ ತಪ್ಪದೆ. ರಜೆ ಹಾಕುವ ಮನುಷ್ಯನೇ ಅಲ್ಲವಲ್ಲ ಅವರು.

ಆಟಿಕೆ ತುಂಬಿದ ಗೂಡಿನಲ್ಲಿ ಬೆಳೆದ ಮರಿಗಳ ಮಿದುಳಿನ ಹೊರಪದರ ದಪ್ಪವಾಗುತ್ತದೆ ಎಂದು ಪರದೇಶದವರು ಬರೆದಿದ್ದರು. ನಮಗೆ ಕೂದಲೆಳೆಯಷ್ಟೂ ವ್ಯತ್ಯಾಸ ಸಿಗಲಿಲ್ಲ. ಎಳೆಯ ಮಿದುಳು ಎಲ್ಲಿದ್ದರೂ ತನ್ನ ಪಾಡಿಗೆ ಬೆಳೆಯುತ್ತದೆ ಎಂದು ಎಷ್ಟು ಜಂಬದಿಂದ ಬರೆದೆವು. ಆ ಪ್ರಬಂಧ ತೋರಿಸಿಯೇ ನಾನು ರೀಡರ್ ಹುದ್ದೆಗೆ ಏರಿದೆ, ನಿನಗೆ ಕುವೈತಿನ ಕೆಲಸ ಸಿಕ್ಕಿತು.

ನನ್ನ ತಲೆ ಕೆಟ್ಟಿರುವುದು ಇಲ್ಲಿ. ನಮ್ಮ ಉತ್ತರ ತಪ್ಪು ಎಂದೂ ಹೇಳುವ ಹಾಗಿಲ್ಲ. ನಮ್ಮಲ್ಲಿ ಖಾಲಿ ಗೂಡು ಎಂಬುದೇ ಇರಲಿಲ್ಲ ಎಂದ ಮೇಲೆ ಆ ಲೆಕ್ಕದಿಂದ ಹೌದೂ ಬರುವುದಿಲ್ಲ, ಅಲ್ಲವೂ ಬರುವುದಿಲ್ಲ. ಮಮ್ಮು ಬ್ಯಾರಿಯ ಮೇಲೆ ಸಿಟ್ಟು ಮಾಡೋಣವೆಂದರೆ ಅದೂ ಆಗುತ್ತಿಲ್ಲ. ಅವರಿಗೆ ಪಾಪ ಅನ್ನಿಸಿತು, ನಮಗೆ ಅನ್ನಿಸಲಿಲ್ಲ.

ಸುಮ್ಮನಿರಬಹುದಿತ್ತು. ಆದರೆ ವಾಮಂಜೂರಿನಾಚೆ ಒಂದು ಅನಾಥ ಶಿಶುಗಳ ಮನೆ ಉಂಟು. ಈಗ ಇಬ್ಬರು ಆಯಾಗಳಿದ್ದಾರೆ, ಹಾಲು ಕುಡಿಸಿ ಬಟ್ಟೆ ಬದಲಿಸಲು ಒಬ್ಬಳು ಸಾಕಲ್ಲವೇ ಎಂದು ಅಲ್ಲಿನ ಸಮಿತಿ ಕೇಳುತ್ತಿದೆ. ಆಧಾರಕ್ಕೆ ಹಿಡಿದಿರುವುದು ನಮ್ಮ ಪ್ರಬಂಧ. ಸೆಪ್ಟೆಂಬರ್ ಹತ್ತಕ್ಕೆ ಸಭೆ, ನಾನು ಹೇಳಿದ್ದೇ ಕೊನೆಯ ಮಾತು. ನೋಡಿ ಬರೋಣವೆಂದು ಹೋದೆ. ತೊಟ್ಟಿಲಲ್ಲಿ ಇಪ್ಪತ್ತೆರಡು ಮಕ್ಕಳು. ಇದ್ದ ಒಂದು ಗಂಟೆಯಲ್ಲಿ ಒಂದೂ ಅಳಲಿಲ್ಲ, ಕೈ ಚಾಚಲಿಲ್ಲ. ನೋಡಿಕೊಳ್ಳುವ ರತ್ನಾವತಿಯವರು, ಭಾರೀ ಸಾಧು ಮಕ್ಕಳು ಮೇಡಂ, ಎಂತ ಉಪದ್ರವೂ ಇಲ್ಲ ಅಂದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ವಾರವಿಡೀ ಯೋಚಿಸಿದೆ. ಪ್ರಬಂಧವನ್ನು ಹಿಂದೆ ತೆಗೆದುಕೊಂಡರೆ ನಿನ್ನ ಹೆಸರೂ ಹೋಗುತ್ತದೆ. ಒಮ್ಮೆ ಬೇಡ ಅನ್ನಿಸುತ್ತದೆ, ಚಪ್ಪಲಿ ಹಾಕುವಷ್ಟರಲ್ಲಿ ಬೇಕು ಅನ್ನಿಸುತ್ತದೆ. ನಿನ್ನನ್ನು ಕೇಳದೆ ಮಾಡಲು ನನಗೆ ಹಕ್ಕಿಲ್ಲ. ಹತ್ತರೊಳಗೆ ಒಂದು ತಂತಿ ಕೊಡು ಮಾರಾಯ್ತಿ. ಒಪ್ಪಿಗೆ ಎಂದರೆ ಸಾಕು, ಒಪ್ಪುವುದಿಲ್ಲ ಎಂದರೂ ಸಾಕು. ಏನೂ ಹೇಳದೆ ಮಾತ್ರ ಇರಬೇಡ.

ನಿನ್ನ ಸಿಟ್ಟನ್ನು ಬಲ್ಲ,
ಆಶಾಲತಾ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಡಿಸಿದೆ. ಮಮ್ಮು ಬ್ಯಾರಿ ಈ ಮಾತು ಹೇಳಿದ್ದು ಹೋದ ಭಾನುವಾರವಲ್ಲ. ನಾಲ್ಕು ವರ್ಷದ ಹಿಂದೆ, ಅವರ ನಿವೃತ್ತಿಯ ದಿನ, ನೀನು ವಿಮಾನ ಹತ್ತಿದ ವಾರವೇ. ಇದೇ ಸಮಿತಿ ಎರಡು ವರ್ಷದ ಹಿಂದೆಯೂ ನನ್ನನ್ನು ಕೇಳಿತ್ತು. ಅಷ್ಟು ಜನ ಬೇಕಿಲ್ಲ ಎಂದು ಸಹಿ ಹಾಕಿ ಕೊಟ್ಟೆ. ಆಗ ಅಲ್ಲಿ ಆರು ಮಂದಿ ಆಯಾಗಳಿದ್ದರು.